ಮುಚ್ಚಳ ತೆಗೆದು ನೋಡಿದ ಇಂಗ್ಲೆಂಡು

ಮದ್ದೂರು, ಹೊರಡುವ ಮುಂಚೆ

ಇಂಗ್ಲೆಂಡಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಬೀದಿಯ ಹೆಂಗಸರು ಅರಮನೆ ನೋಡಿದಿರಾ ಎನ್ನುತ್ತಾರೆ. ನೋಡಲಿಲ್ಲ. ಆ ದೊಡ್ಡ ಗಡಿಯಾರ? ಅದೂ ಇಲ್ಲ. ಮತ್ತೇನು ನೋಡಿದಿರಿ ಎಂದರೆ ಇದ್ದದ್ದನ್ನೇ ಹೇಳುತ್ತೇನೆ: ಮ್ಯಾನ್‌ಹೋಲು ನೋಡಿದೆ. ಒಂದಲ್ಲ, ಸಾಲು ಸಾಲು. ಹೇಳುವಾಗ ನನ್ನ ಮುಖ ಅರಳುತ್ತದೆಯಂತೆ. ಕೇಳುವವರ ಮೂಗು ತಾನಾಗಿ ಸೊಟ್ಟಗಾಗುತ್ತದೆ.

ಹೊರಡುವ ಮುಂಚೆ ನಮ್ಮ ಯಜಮಾನರೂ ಬಿಡಲಿಲ್ಲ. "ನಮ್ ಬೀದಿ ತುದೀಲೇ ಒಂದದೆ. ಮಳೆ ಬಂದ್ರೆ ಅದೇ ಎದ್ದು ಬಂದು ದರ್ಸನ ಕೊಡ್ತದೆ. ಅದ್ಕೆ ಇಮಾನ ಯಾಕೆ ಹತ್ತಬೇಕು?"

ಹತ್ತಿಸಿದವಳು ನನ್ನ ತಂಗಿ ನಳಿನಿ. ಮಂಡ್ಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಮುಂದಿನ ಓದಿಗೆಂದು ಇಂಗ್ಲೆಂಡಿಗೆ ಹೋದವಳು ಅಲ್ಲೇ ಒಳಚರಂಡಿ ದುರಸ್ತಿ ಮಾಡುವ ಒಂದು ಕಂಪನಿ ಸೇರಿದ್ದಳು. ಈ ಸಲ ಮೊದಲ ಬಾರಿಗೆ ಒಂದು ಸೈಟಿನ ಪೂರ್ತಿ ಜವಾಬ್ದಾರಿ ಅವಳ ಮೇಲೆ ಬಿದ್ದಿತ್ತು. ಸಮುದ್ರಕ್ಕೆ ಹತ್ತಿರದ ಒಂದು ಹಳ್ಳಿ. ಹಳ್ಳಿಯ ಪಕ್ಕ ಹಕ್ಕಿಗಳಿಗೆಂದೇ ಬಿಟ್ಟ ಜೊಂಡಿನ ಜೌಗು. ಆ ಜೌಗಿನ ನಡುವೆಯೇ ಯಾವ ಕಾಲದ್ದೋ ಒಳಚರಂಡಿ ಹಾದುಹೋಗಿದೆ. ಅದರ ಮ್ಯಾನ್‌ಹೋಲುಗಳೆಲ್ಲ ಇಟ್ಟಿಗೆಯವು. ಕೊಳಚೆಯ ಗಾಳಿ ಒಳಗಿನಿಂದ ಗಾರೆಯನ್ನು ತಿಂದುಹಾಕಿದೆ. ಜೌಗಿನ ನೀರು ಏರಿದಾಗ ಅದು ಒಳಗೆ ಸೋರುತ್ತದೆ, ಇಳಿದಾಗ ಕೊಳಚೆ ಹೊರಗೆ ಸೋರುತ್ತದೆ. ಅಗೆದು ಹೊಸದು ಕಟ್ಟೋಣವೆಂದರೆ ಅಲ್ಲಿ ಒಂದು ಗುದ್ದಲಿ ಮಣ್ಣೂ ಎತ್ತುವ ಹಾಗಿಲ್ಲ. ಎಲ್ಲವನ್ನೂ ಮುಚ್ಚಳದ ಬಾಯಿಂದಲೇ ಇಳಿಸಿ ಒಳಗಿನಿಂದಲೇ ಸರಿಮಾಡಬೇಕು, ಅದೂ ಹಕ್ಕಿಗಳು ಗೂಡು ಕಟ್ಟುವ ಕಾಲಕ್ಕೆ ಮುಂಚೆ.

"ಅಕ್ಕ, ಅವ್ವನ್ನ ಕರ್ಕೊಂಡು ಬಾ. ಕೆಲಸ ಮುಗಿದ ಮೇಲೆ ಲಂಡನ್ ತೋರಿಸ್ತೀನಿ" ಎಂದಳು ಫೋನಿನಲ್ಲಿ. ಕೆಲಸ ಮುಗಿಯಿತು, ಲಂಡನ್ ಉಳಿಯಿತು. ನನಗೆ ಬೇಸರವಿಲ್ಲ.

ವಿಮಾನ ನಿಲ್ದಾಣ

ಅವ್ವ ಕೊಪ್ಪದಲ್ಲಿ ಅಣ್ಣನ ಮನೆಯ ಹಸುಗಳನ್ನು ನೋಡಿಕೊಂಡು ಇರುವವಳು. ಅಷ್ಟು ದೂರ ಹೋಗುವುದಕ್ಕೆ ಅವಳು ಇಟ್ಟುಕೊಂಡ ಭಯ ಒಂದೇ: ಅಲ್ಲಿ ಮುದ್ದೆ ಸಿಗುವುದಿಲ್ಲ. ಆದ್ದರಿಂದ ಅವಳ ಪೆಟ್ಟಿಗೆಯಲ್ಲಿ ಸೀರೆಗಿಂತ ರಾಗಿ ಹಿಟ್ಟೇ ಹೆಚ್ಚಿತ್ತು. ಇಳಿದ ಕೂಡಲೇ ಒಬ್ಬ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿ, ಕಂದು ಪುಡಿಯ ಗಂಟನ್ನು ಬೆರಳಿನಿಂದ ಒತ್ತಿ, ನನ್ನ ಮುಖ ನೋಡಿದರು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷು ಆಗ ಬಾಯಿಗೆ ಬಂತು. "ಮಾನ್ಯರೇ, ತಾವು ದಯವಿಟ್ಟು ಅನುಮತಿ ನೀಡಿದರೆ ಈ ಧಾನ್ಯದ ಸ್ವರೂಪವನ್ನು ವಿವರಿಸಲು ಬಯಸುತ್ತೇನೆ" ಎಂಬ ಧಾಟಿಯಲ್ಲಿ ಶುರುಮಾಡಿದೆ. ಆತ ಕೈ ನಿಲ್ಲಿಸಿ ಪೂರ್ತಿ ಕೇಳಿದರು. ಕೊನೆಗೆ, "ನನ್ನ ಅಜ್ಜಿ ಹೀಗೆ ಮಾತಾಡುತ್ತಿದ್ದರು, ಅವರು ಹೋದ ಮೇಲೆ ಇಂಥ ಇಂಗ್ಲಿಷು ಕೇಳಿರಲಿಲ್ಲ" ಎಂದು ಗಂಟನ್ನು ತಾವೇ ಕಟ್ಟಿಕೊಟ್ಟರು.

"ಏನಂದ ಆವಯ್ಯ?" ಎಂದಳು ಅವ್ವ.

"ನಾನು ಅವನ ಅಜ್ಜಿ ಥರ ಅಂತೆ."

"ಅಂಗಾರೆ ಎರಡು ಮುದ್ದೆಗಾಗೋ ಅಷ್ಟು ಇಟ್ಟು ಕೊಡಬೌದಿತ್ತು."

ಜೊಂಡಿನ ಗೇಟು

ನಳಿನಿ ಆ ಹಳ್ಳಿಯಲ್ಲಿ ಜೌಗಿಗೆ ತಾಗಿಕೊಂಡ ಒಂದು ಪುಟ್ಟ ಮನೆಯನ್ನು ಕೆಲಸ ಮುಗಿಯುವ ತನಕ ಬಾಡಿಗೆಗೆ ಹಿಡಿದಿದ್ದಳು. ಕಿಟಕಿ ತೆಗೆದರೆ ಕಣ್ಣು ಹೋಗುವಷ್ಟು ದೂರವೂ ಒಣಗಿದ ಗದ್ದೆಯ ಬಣ್ಣದ ಜೊಂಡು. ನಮ್ಮ ನಾಲೆ ಬಯಲಿನ ಹಾಗೆಯೇ ಚಪ್ಪಟೆ. ಆದರೆ ಒಂದು ತೆಂಗಿಲ್ಲ, ಒಂದು ಪಂಪ್‌ಸೆಟ್ ಮನೆ ಇಲ್ಲ, ಬದುವಿನ ಮೇಲೆ ನಿಂತು ಇನ್ನೊಬ್ಬರನ್ನು ಕೂಗುವವರಿಲ್ಲ. ಚಳಿ ಮಾತ್ರ ಹಲ್ಲಿನ ಬೇರಿಗೆ ಇಳಿಯುವಂಥದ್ದು.

ಮಾರನೆಯ ದಿನ ಸೈಟಿಗೆ ಹೊರಟೆವು. ಅವ್ವ ಸೀರೆಯ ಮೇಲೆ ಹಳದಿ ಜಾಕೆಟ್ಟು, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ ಕನ್ನಡಿ ಮುಂದೆ ಬಹಳ ಹೊತ್ತು ನಿಂತಳು. ಜೌಗಿನ ಗೇಟಿನಲ್ಲಿ ಒಂದು ತಟ್ಟೆಯಂಥ ತೊಟ್ಟಿ. ಹೊರಗಿನ ಬೀಜ, ರೋಗ ಒಳಗೆ ಹೋಗದಿರಲೆಂದು ಎಲ್ಲರೂ ಅದರಲ್ಲಿ ನಿಂತು ಬೂಟಿನ ಅಡಿಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಅವ್ವನಿಗೆ ಇದು ತುಂಬ ಹಿಡಿಸಿತು. "ಕಾಲು ತೊಳ್ಕೊಂಡು ಒಳಗೆ ಓಗೋದು. ಗುಡಿ ಇದ್ದಂಗೆ ಕಣವ್ವ."

ಗೇಟಿನ ಬೀಗದ ಕೈ ಇದ್ದದ್ದು ಕೀತ್ ಎಂಬುವರ ಬಳಿ. ಜೌಗಿನ ಕಾವಲು ಅವರದ್ದು. ವಯಸ್ಸಾದ ಮನುಷ್ಯ, ಮಾತು ಕಡಿಮೆ. ಸ್ವೆಟರಿನ ಮೊಣಕೈಯಲ್ಲಿ ಹಾಕಿದ್ದ ರಫೂ ನಮ್ಮ ಸಿಸ್ಟರುಗಳು ಹೊಲಿಗೆ ಕ್ಲಾಸಿನಲ್ಲಿ ಹೇಳಿಕೊಟ್ಟ ಚಾಪೆ ಹೆಣಿಗೆಯದೇ; ಆದರೆ ನೀಲಿ ಸ್ವೆಟರಿಗೆ ಕೆಂಪು ಉಲ್ಲನ್. ಯಾರು ಹಾಕಿದ್ದೆಂದು ಕೇಳಿದೆ. "ನಾನೇ" ಎಂದರು, ಸ್ವಲ್ಪ ನಾಚಿ.

ಆ ಜೌಗಿನಲ್ಲಿ ಒಂದು ಕಾಲಕ್ಕೆ ಬಿಟರ್ನ್ ಎಂಬ ಹಕ್ಕಿ ಇತ್ತಂತೆ. ನಮ್ಮ ಬಕಗಳ ನೆಂಟ, ಜೊಂಡಿನ ಬಣ್ಣದ್ದು, ಕಣ್ಣಿಗೆ ಬೀಳುವುದೇ ಇಲ್ಲ. ಗಂಡು ಹಕ್ಕಿ ಜೋಡಿಗಾಗಿ ಕೂಗುವುದು ಮಾತ್ರ ಊರಾಚೆಗೂ ಕೇಳುತ್ತದೆ, ಖಾಲಿ ಹೂಜಿಯ ಬಾಯಿಗೆ ಊದಿದ ಹಾಗೆ. ಕೊಳಚೆ ಸೋರಿ ಮೀನು ಹೋದವು, ಮೀನಿನ ಹಿಂದೆ ಹಕ್ಕಿ ಹೋಯಿತು. ಕೀತ್ ಅದನ್ನು ಕೊನೆಯ ಸಲ ಕೇಳಿದಾಗ ಅವರ ಗಡ್ಡ ಇನ್ನೂ ಕಪ್ಪಗಿತ್ತು.

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅವ್ವ ಕೀತರ ಕಡೆಗೇ ತಿರುಗಿದಳು. "ನಮ್ ಸೋದರತ್ತೆ ಊರು ಕೊಕ್ಕರೆ ಬೆಳ್ಳೂರು. ಅಲ್ಲಿ ಕೊಕ್ಕರೆ ಬಂದ್ರೆ ಎಣ್ಮಗ್ಳು ಬಾಣಂತನಕ್ಕೆ ಬಂದ್ಲು ಅಂತೀವಿ. ಸೂರಿನ ಮೇಲೆಲ್ಲಾ ಗಲೀಜು ಮಾಡ್ತವೆ, ಯಾರೂ ಒಂದು ಮಾತನ್ನಲ್ಲ. ಮಗ್ಳಿಗೆ ಅಂದಾರಾ?"

ನಾನು ಇಂಗ್ಲಿಷಿಗೆ ತಿರುಗಿಸಿದೆ. ಕೀತ್ ಜೊಂಡಿನ ಕಡೆ ಕೈ ತೋರಿಸಿ, "ಇಲ್ಲಿ ಮಗಳು ಬಂದು ಬಹಳ ವರ್ಷ ಆಯಿತು" ಎಂದರು. ಆಮೇಲೆ ನಳಿನಿಗೆ ತಮ್ಮ ಷರತ್ತು ನೆನಪಿಸಿದರು. ಮುಂದಿನ ವಾರದ ಶನಿವಾರ ಸಂಜೆ ಗೇಟಿಗೆ ಬೀಗ. ಅದಕ್ಕೆ ಮುಂಚೆಯೇ ಯಾವುದಾದರೂ ಹಕ್ಕಿ ಗೂಡಿನ ಸೂಚನೆ ಕೊಟ್ಟರೆ ಆ ಕ್ಷಣವೇ ಕೆಲಸ ಬಂದ್. ಆಮೇಲೆ ಏನಿದ್ದರೂ ಬೇಸಿಗೆ ಕಳೆದು ಎಲೆ ಉದುರುವ ಹೊತ್ತಿಗೆ.

ಮುಚ್ಚಳದ ಕೆಳಗೆ

ಮಣ್ಣನ್ನು ಅದುಮದಂತೆ ಹಾಸಿದ್ದ ಪ್ಲಾಸ್ಟಿಕ್ ಹಲಗೆಗಳ ದಾರಿಯಲ್ಲಿ ಒಬ್ಬರ ಹಿಂದೊಬ್ಬರು ನಡೆದೆವು. ಹಗ್ಗ ಕಟ್ಟಿದ್ದ ಕಡೆ ನಿಂತು ನಾನು ಮೊದಲ ಸಲ ಒಂದು ಮ್ಯಾನ್‌ಹೋಲಿನ ಒಳಗೆ ನೋಡಿದೆ. ಕತ್ತು ಕಿರಿದು, ಒಡಲು ಅಗಲ. ಇಟ್ಟಿಗೆಯ ಸಂದುಗಳಿಂದ ಜೌಗಿನ ನೀರು ಬೆವರಿನ ಹಾಗೆ ಇಳಿಯುತ್ತಿತ್ತು.

"ರಾಗಿ ಅಗೇವು ಕಣೆ ಇದು" ಎಂದಳು ಅವ್ವ. ನೆಲದೊಳಗೆ ರಾಗಿ ತುಂಬಿಡುವ ಹಗೇವುಗಳು ಅವಳ ತೌರಿನಲ್ಲಿ ಇದ್ದವು. "ಬಾಯಿ ತೆಗುದ್ರೆ ತಕ್ಸಣ ಯಾರೂ ಇಳೀತಿರ್ಲಿಲ್ಲ. ದೀಪ ಇಳುಬುಟ್ಟು, ಆರೋಯ್ತದಾ ಅಂತ ನೋಡೋರು."

"ಇಲ್ಲಿ ದೀಪ ಗೀಪ ಹಚ್ಚಬೇಡ ಅವ್ವ, ಊರೆಲ್ಲ ಹಾರೋಗುತ್ತೆ" ಎಂದು ನಳಿನಿ ಸೊಂಟಕ್ಕೆ ಸಿಕ್ಕಿಸಿದ್ದ ಗಾಳಿ ಅಳೆಯುವ ಯಂತ್ರ ತೋರಿಸಿದಳು. "ಮತ್ತೆ ಇಲ್ಲಿ ಯಾರೂ ಇಳಿಯೋದೇ ಇಲ್ಲ."

ಯಾರೂ ಇಳಿಯಲಿಲ್ಲ. ನಾನು ಆ ವಾರವೆಲ್ಲ ನೋಡಿದ್ದು ಅದನ್ನೇ. ಹರಿಯುವ ಕೊಳಚೆಯನ್ನು ಮೇಲಿನ ಗುಂಡಿಯಿಂದ ಕೆಳಗಿನ ಗುಂಡಿಗೆ ದಪ್ಪ ಹೋಸಿನಲ್ಲಿ ದಾಟಿಸುತ್ತಾರೆ. ಜೋರು ನೀರಿನಿಂದ ಗೋಡೆ ತೊಳೆಯುತ್ತಾರೆ. ಸೋರುವ ಸಂದಿಗೆ ಉದ್ದನೆಯ ಕೋಲಿನ ತುದಿಯಿಂದ ಒಂದು ದ್ರವ ಚುಚ್ಚುತ್ತಾರೆ. ನೀರು ತಾಗಿದ ಕೂಡಲೇ ಅದು ದೋಸೆ ಹಿಟ್ಟಿನ ಹಾಗೆ ಉಬ್ಬಿ ಸಂದಿಯನ್ನು ತುಂಬಿಬಿಡುತ್ತದೆ. ಕೊನೆಗೆ ಗಿರಗಿರನೆ ತಿರುಗುವ ಒಂದು ತಲೆಯನ್ನು ಸರಪಳಿಯಲ್ಲಿ ಇಳಿಸುತ್ತಾರೆ. ಅದು ಮೇಲೆ ಕೆಳಗೆ ಓಡಾಡುತ್ತಾ ಸುತ್ತಲೂ ತೆಳ್ಳನೆ ಗಾರೆ ಎರಚುತ್ತದೆ, ಒಂದು ಪದರ ಹಿಡಿದ ಮೇಲೆ ಇನ್ನೊಂದು. ಹಳೇ ಇಟ್ಟಿಗೆಯ ಒಳಗೆ ಹೊಸದೊಂದು ಮಡಕೆ ಕಟ್ಟಿದ ಹಾಗೆ. ಹೊರಗಿನ ಒಂದು ಜೊಂಡಿನ ಬೇರಿಗೂ ಸುದ್ದಿ ಇಲ್ಲ.

ನಮ್ಮ ಕಡೆ ಗುಂಡಿಗಿಳಿದವರು ಮೇಲೆ ಬರದ ಸುದ್ದಿಯನ್ನು ಎಷ್ಟೋ ಸಲ ಓದಿ ಪೇಪರು ಮಡಿಚಿಟ್ಟು ಅಡಿಗೆಗೆ ಎದ್ದಿದ್ದೇನೆ. ಅಲ್ಲಿ ನಿಂತಾಗ ಆ ಪೇಪರುಗಳೆಲ್ಲ ನೆನಪಾದವು. ಆದರೆ ಆ ತಿರುಗುವ ತಲೆಯನ್ನು ನೋಡುತ್ತಾ ನೋಡುತ್ತಾ ಜಾತ್ರೆಯ ಗಿರಕಿ ನೋಡುವ ಮಕ್ಕಳ ಹಾಗೆ ನಾನು ಹಗ್ಗ ಹಿಡಿದು ಬಗ್ಗಿದ್ದೂ ನಿಜ. ನಳಿನಿ ಎರಡು ಸಲ "ಅಕ್ಕ, ಹಿಂದೆ" ಎಂದಳು.

ಕೆಲಸದವರ ಮಧ್ಯಾಹ್ನದ ಊಟ ತಣ್ಣನೆ ಬ್ರೆಡ್ಡು, ನಿಂತೇ ತಿನ್ನುವುದು. ಅವ್ವ ಅದನ್ನು ಒಂದು ದಿನ ನೋಡಿದಳು, ಎರಡನೆಯ ದಿನ ರಾಗಿ ರೊಟ್ಟಿ ಸುತ್ತಿಕೊಂಡು ಬಂದಳು. ಪಂಪು ನೋಡಿಕೊಳ್ಳುವ ದಪ್ಪನೆಯಾತ ಇದು ಬಿಸ್ಕತ್ತೋ ಬ್ರೆಡ್ಡೋ ಎಂದು ಕೇಳುತ್ತಲೇ ನಾಲ್ಕು ತಿಂದ.

ಮಂಗಳವಾರ

ಕೊನೆಯ ಮ್ಯಾನ್‌ಹೋಲು ನಮ್ಮ ಮನೆಯ ಹಿಂದೆಯೇ, ಜೊಂಡು ಎಲ್ಲಕ್ಕಿಂತ ದಟ್ಟವಾಗಿದ್ದ ಕಡೆ ಇತ್ತು. ತೊಳೆದು, ಸೋರಿಕೆಯನ್ನು ಸದ್ಯಕ್ಕೆ ನಿಲ್ಲಿಸಿ ಆಗಿತ್ತು. ಮೇಲೆ ಗಾರೆ ಕೂರದಿದ್ದರೆ ಅದು ಹೆಚ್ಚು ದಿನ ತಡೆಯುವುದಿಲ್ಲ. ಗಾರೆ ಎರಚುವುದೊಂದು ಬಾಕಿ. ನಳಿನಿ ಬೆಳಕು ಹರಿಯುವ ಮುಂಚೆಯೇ ಪಂಪುಗಳನ್ನು ನೋಡಲು ಹೋಗಿದ್ದಳು. ನಾನು ಉಲ್ಲನ್ ಟೋಪಿಯನ್ನು ಕಿವಿಯ ತನಕ ಎಳೆದು ಎರಡು ರಜಾಯಿಯ ಕೆಳಗೆ ಮಲಗಿದ್ದೆ. ಕನಸಿನಲ್ಲಿ ಕೊಪ್ಪದ ಹಸು ಎಲ್ಲೋ ಕೂಗಿದ ಹಾಗಿತ್ತು.

ನಳಿನಿ ವಾಪಸು ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಕೆಲಸ ನಿಲ್ಲಿಸಿದ್ರು ಅಕ್ಕ. ಕೀತ್‌ಗೆ ಬಿಟರ್ನ್ ಕೂಗಿದ್ದು ಕೇಳಿಸ್ತಂತೆ. ಇಲ್ಲೇ, ನಮ್ಮ ಹಿಂದುಗಡೆ."

ಕೀತ್ ತಾವೇ ಬಂದರು. ಟೋಪಿ ಕೈಯಲ್ಲಿತ್ತು. ಅಷ್ಟು ಕಡಿಮೆ ಮಾತಿನ ಮನುಷ್ಯ ಅವತ್ತು ನಿಲ್ಲಿಸದೆ ಮಾತಾಡಿದರು. ಮೂರು ಸಲ ಕೂಗಿತಂತೆ. ಕೊನೆಯಲ್ಲಿ ಒಂದು ವಿಚಿತ್ರ ಗಂಟಲ ಸದ್ದು, ಈ ಹಕ್ಕಿ ಹಾಗೆ ಮಾಡುವುದನ್ನು ಅವರು ಯಾವ ಪುಸ್ತಕದಲ್ಲೂ ಓದಿಲ್ಲವಂತೆ. ಬೇರೆ ಊರಿನಲ್ಲಿರುವ ತಂಗಿಗೆ ಫೋನ್ ಮಾಡಿ ಅತ್ತುಬಿಟ್ಟೆ ಎಂದರು. ನಳಿನಿಯ ಕಡೆ ತಿರುಗಿ, "ಕ್ಷಮಿಸಬೇಕು. ನಿಮ್ಮ ಕಷ್ಟ ನನಗೆ ಗೊತ್ತು" ಎಂದರು.

ಕಷ್ಟ ಇಷ್ಟು: ಹೋಸುಗಳನ್ನು ತೆಗೆಯಬೇಕು, ಕೊಳಚೆ ಮತ್ತೆ ಆ ಬರಿ ಇಟ್ಟಿಗೆಯ ಗುಂಡಿಯೊಳಗೇ ಹರಿಯಬೇಕು, ಇನ್ನು ಅರ್ಧ ವರ್ಷ ಜೊಂಡಿನ ಬುಡಕ್ಕೇ ಸೋರಬೇಕು. ಸಾಲಿನಲ್ಲಿ ಎಲ್ಲ ಸರಿಹೋಗಿ, ಹಕ್ಕಿ ಬಂದ ಜಾಗದ್ದು ಒಂದೇ ಉಳಿಯಿತು. ನಳಿನಿ ಮೊದಲ ಜವಾಬ್ದಾರಿಯನ್ನೇ ಅರ್ಧಕ್ಕೆ ಬಿಟ್ಟವಳು ಎನಿಸಿಕೊಳ್ಳಬೇಕು.

"ಅಕ್ಕಿ ಬಂದದೆ ಅಂದ್ರೆ ಬುಡವ್ವ, ಅದ್ರ ಮನೆ ಅದು" ಎಂದಳು ಅವ್ವ, ಅವಳ ತಲೆ ನೇವರಿಸುತ್ತಾ.

"ಅದ್ರ ಮನೆಗೇ ಕೊಳಚೆ ಹರೀತದಲ್ಲ ಅವ್ವ" ಎಂದು ನಳಿನಿ ಅತ್ತಳು.

ಬುಧವಾರ

ಆ ದಿನ ನನಗೆ ಬೇಗ ಎಚ್ಚರವಾಯಿತು. ಟೋಪಿ ಜಾರಿ ಹೋಗಿತ್ತು. ಕಿವಿ ಬರಿದಾಗಿದ್ದರಿಂದ ಸ್ಪಷ್ಟವಾಗಿ ಕೇಳಿತು: ಭೂಮ್. ನನ್ನ ಮೈ ಜುಮ್ಮೆಂದಿತು. ಬಿಟರ್ನ್. ಮತ್ತೆ ಭೂಮ್. ಆದರೆ ಸದ್ದು ಕಿಟಕಿಯ ಕಡೆಯಿಂದ ಬರುತ್ತಿರಲಿಲ್ಲ, ಅಡಿಗೆಮನೆಯಿಂದ ಬರುತ್ತಿತ್ತು. ಆಮೇಲೆ ಒಂದು ಕೆಮ್ಮು.

ಹೋಗಿ ನೋಡಿದೆ. ಮೂಲೆಯ ಕಬ್ಬಿಣದ ಸೌದೆ ಒಲೆಯ ಮುಂದೆ ಅವ್ವ ಮಂಡಿಯೂರಿ ಕೂತಿದ್ದಾಳೆ. ಕರೆಂಟಿನಲ್ಲಿ ಕಾದ ನೀರು ಮೈಗೆ ಒಗ್ಗುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದಳು. ಒದ್ದೆ ಸೌದೆ ಹೊತ್ತಿಕೊಳ್ಳದೆ ಹೊಗೆಯಾಡುತ್ತಿದೆ. ಕೈಯಲ್ಲಿ ಸೋಮವಾರವಷ್ಟೇ ಸೈಟಿನಿಂದ ತಂದಿದ್ದ, ಕತ್ತರಿಸಿ ಬಿಸಾಡಿದ ಬೂದು ಬಣ್ಣದ ಪೈಪಿನ ತುಂಡು, ನಮ್ಮ ಊದುಗೊಳವೆಯ ಎರಡರಷ್ಟು ದಪ್ಪದ್ದು. ಅದಕ್ಕೆ ತುಟಿಯಿಟ್ಟು ಊದಿದರೆ ಗಾಳಿಗಿಂತ ಸದ್ದೇ ಹೆಚ್ಚು. ಆ ಸದ್ದು ಒಲೆಯೊಳಗೆ ಹೊಕ್ಕು, ಹೊಗೆ ಹೋಗುವ ಕಬ್ಬಿಣದ ಕೊಳವೆ ಹತ್ತಿ, ಸೂರಿನ ಮೇಲಿಂದ ಜೌಗಿನ ಮೇಲೆಲ್ಲ ಹರಡುತ್ತಿದೆ.

ಕಿಟಕಿಯ ಆಚೆ, ಮಂಜಿನಲ್ಲಿ, ಕೀತ್ ಕಿವಿಗೆ ಕೈ ಹಿಡಿದು ನಿಂತಿದ್ದರು. ಅಂಥ ಸಂತೋಷವನ್ನು ನಾನು ದೊಡ್ಡವರ ಮುಖದಲ್ಲಿ ಹೆಚ್ಚು ನೋಡಿಲ್ಲ.

"ಅವ್ವ, ಊದಬೇಡ" ಎಂದೆ ಪಿಸುಗುಟ್ಟಿ.

"ಯಾಕೆ? ಈಗ ಒತ್ಕಂತದೆ ಇರು."

ನಳಿನಿಯನ್ನು ಕರೆದು ತಂದು ಹೇಳಿದೆ. ಅವಳು ಮೊದಲು ಬಾಯಿಗೆ ಸ್ಕಾರ್ಫ್ ತುರುಕಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಕಿಟಕಿಯಾಚೆ ನೋಡಿ ಸುಮ್ಮನಾದಳು. ಅವಳ ಕೆಲಸ ಉಳಿಯಿತು. ಆದರೆ ಆ ಮುಖಕ್ಕೆ ಈ ಮಾತನ್ನು ಹೇಗೆ ಹೇಳುವುದು?

"ನಾನು ಹೇಳ್ತೀನಿ, ಸ್ವಲ್ಪ ಮೆತ್ತಗೆ" ಎಂದೆ. ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದ್ದೆ.

ಅವ್ವ ಎದ್ದು ಸೆರಗು ಸರಿಮಾಡಿಕೊಂಡಳು. "ಊದಿದ್ದು ನಾನು. ನೀನ್ಯಾಕೆ ಏಳೀಯೆ? ನಾನೇ ಓಯ್ತೀನಿ." ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ನಿಪ್ಪಟ್ಟಿನ ಡಬ್ಬಿ ಹಿಡಿದು ಆ ಚಳಿಯಲ್ಲಿ ನಡೆದೇಬಿಟ್ಟಳು. ನಾವು ಹಿಂದೆ ಓಡಿದೆವು.

ಕೀತ್ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ, ಹಕ್ಕಿ ಹತ್ತಿರವೇ ಇದೆ ಎಂದು ಸನ್ನೆ ಮಾಡಿದರು. ಅವ್ವ ಅವರೆದುರು ನಿಂತು, ಪೈಪನ್ನು ತುಟಿಗಿಟ್ಟು ಊದಿದಳು. ಭೂಮ್. ಆಮೇಲೆ ಕೆಮ್ಮಿದಳು.

ಕೀತ್ ಪೈಪನ್ನು ನೋಡಿದರು, ನಮ್ಮ ಸೂರಿನ ಕೊಳವೆಯಿಂದ ಏಳುತ್ತಿದ್ದ ಹೊಗೆಯನ್ನು ನೋಡಿದರು. "ಆ ಗಂಟಲ ಸದ್ದು" ಎಂದರು ಮೆಲ್ಲಗೆ, ತಮ್ಮ ಗಂಟಲು ಮುಟ್ಟಿ ತೋರಿಸುತ್ತಾ.

"ಅದು ನನ್ನ ಕೆಮ್ಮು ಕಣಪ್ಪ" ಎಂದಳು ಅವ್ವ. ನಾನು ತಿರುಗಿಸಬೇಕಾಗಲಿಲ್ಲ. "ನಿನ್ ಮನೇಗೆ ಮಗ್ಳು ಬಂದ್ಲು ಅಂತ ನೀನಂದ್ಕಂಡೆ. ಬಂದಿಲ್ಲ. ತಪ್ಪಾಗೋಯ್ತು. ಆದ್ರೆ ಬರ್ಬೇಕು ಅಂದ್ರೆ ಮನೆ ಸರಿಮಾಡ್ಬೇಕಲ್ಲ? ನನ್ ಮಗ್ಳು ಅದ್ನೇ ತಾನೇ ಮಾಡ್ತಿರೋದು."

ಇದನ್ನು ಮಾತ್ರ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸಿಸ್ಟರುಗಳ ಇಂಗ್ಲಿಷು ಬರಲಿಲ್ಲ. ಚಿಕ್ಕ ಚಿಕ್ಕ ಮಾತುಗಳೇ ಬಂದವು. ಕೀತ್ ಟೋಪಿ ಹಾಕಿಕೊಂಡರು. ಒಂದು ನಿಪ್ಪಟ್ಟು ತೆಗೆದುಕೊಂಡು ಕಡಿದರು. "ಬಹಳ ಚೆನ್ನಾಗಿ ಊದುತ್ತೀರಿ" ಎಂದರು ಅವ್ವನಿಗೆ. ಆಮೇಲೆ ಪೈಪಿಗಾಗಿ ಕೈ ಚಾಚಿದರು. ನಾಳೆ ಬೆಳಗ್ಗೆ ಅದು ಅವರ ಗುಡಿಸಲಿನಲ್ಲಿ ಇರುತ್ತದೆ. ಜೊಂಡು ಸುಮ್ಮನಿದ್ದರೆ ಕೆಲಸ ಶುರುಮಾಡಬಹುದು ಎಂದರು.

ಶನಿವಾರ

ಗುರುವಾರ ಬೆಳಗ್ಗೆ ನಾವು ಮೂವರೂ ಒಲೆ ಹಚ್ಚದೆ ಉಸಿರು ಹಿಡಿದು ಕೂತೆವು. ಏನೂ ಕೂಗಲಿಲ್ಲ. ಕೀತ್ ಬಂದು ತಲೆಯಾಡಿಸಿದರು. ಅವರಿಗಾಗಿ ನನಗೆ ದುಃಖವಾಯಿತು, ನಳಿನಿಗಾಗಿ ಕುಣಿಯುವಂತಾಯಿತು, ಎರಡೂ ಒಟ್ಟಿಗೆ.

ಕಳೆದುಹೋದ ಹೊತ್ತನ್ನು ತುಂಬಲು ಎಲ್ಲರೂ ಓಡಾಡಿದರು. ತಿರುಗುವ ತಲೆ ಇಳಿಯಿತು, ಪದರದ ಮೇಲೆ ಪದರ ಗಾರೆ ಕೂತಿತು. ಶನಿವಾರ ಮಧ್ಯಾಹ್ನ ಪರೀಕ್ಷೆ. ಒಳಗಿನ ಕೊಳವೆಗಳನ್ನು ಬಿರಡೆಯಿಂದ ಮುಚ್ಚಿ, ಬಾಯಿಗೆ ತಟ್ಟೆ ಕೂರಿಸಿ, ಒಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ನುಗ್ಗಿ ಗಡಿಯಾರದಂಥ ಬಿಲ್ಲೆಯ ಮುಳ್ಳು ಬಿದ್ದುಹೋಗುತ್ತದೆ. ಇನ್ನೊಂದು ಸಲ ಮಾಡಲು ಹೊತ್ತಿರಲಿಲ್ಲ.

ನಳಿನಿ ಮುಳ್ಳನ್ನು ನೋಡುತ್ತಿದ್ದಳು. ನಾನು ಅವಳ ಹೆಬ್ಬೆರಳನ್ನು ನೋಡುತ್ತಿದ್ದೆ. ಚಿಕ್ಕವಳಿದ್ದಾಗ ಪರೀಕ್ಷೆಯ ದಿನ ಮಾಡುತ್ತಿದ್ದ ಹಾಗೆಯೇ ತೋರುಬೆರಳ ಉಗುರನ್ನು ಕೆರೆಯುತ್ತಿತ್ತು. ಕೀತ್ ಬೀಗ ಹಿಡಿದು ಬಂದು ನಮ್ಮ ಜೊತೆ ನಿಂತರು.

"ನಿಂತ್ಕಂತಾ?" ಎಂದು ಅವ್ವ ಕೇಳಿದಳು.

ಹೆಬ್ಬೆರಳು ಕೆರೆಯುವುದು ನಿಂತಿತು. "ನಿಂತ್ಕೊಂಡಿದೆ ಅವ್ವ."

ಪಂಪಿನ ದಪ್ಪನೆಯಾತ ಅವ್ವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. "ಬುಡ್ಲಾ, ಬುಡ್ಲಾ" ಎಂದು ಅವಳು ಅವನ ಬೆನ್ನಿಗೆ ಗುದ್ದುತ್ತಾ ನಗುತ್ತಿದ್ದಳು. ಸಂಜೆ ಗೇಟು ಎಳೆದು ಕೀತ್ ಬೀಗ ಹಾಕಿದರು. ಪೈಪನ್ನು ವಾಪಸು ಕೊಡಲು ಬಂದರು. "ನೀನೇ ಮಡೀಕೊ. ನಮ್ಮನೇಲಿ ಕಬ್ಬುಣುದ್ದು ಅದೆ" ಎಂದಳು ಅವ್ವ.

ಕೊಪ್ಪ

ನಾವು ಬಂದು ಕೆಲವು ವಾರಗಳಾದ ಮೇಲೆ ನಳಿನಿ ಒಂದು ರೆಕಾರ್ಡಿಂಗ್ ಕಳಿಸಿದಳು. ಕೀತ್ ಅವಳಿಗೆ ಕಳಿಸಿದ್ದು. ಜೊತೆಗೊಂದು ಫೋಟೋ: ಅವರ ಗುಡಿಸಲಿನ ಮೊಳೆಗೆ ನೇತುಹಾಕಿದ ಬೂದು ಪೈಪು. ಕೆಳಗೆ ಒಂದೇ ಸಾಲು: "ನಿಮ್ಮ ತಾಯಿಯವರು ಈಗ ಯಾವ ಊರಿನಲ್ಲಿದ್ದಾರೆ, ದಯವಿಟ್ಟು ಖಚಿತಪಡಿಸಿ."

ಫೋನಿನಲ್ಲಿ ಹೇಳುವ ಸುದ್ದಿಯಲ್ಲ ಎಂದು ಮದ್ದೂರಿನಿಂದ ಬಸ್ಸು ಹತ್ತಿ ಕೊಪ್ಪಕ್ಕೇ ಹೋದೆ. ಅವ್ವ ಬಚ್ಚಲ ಒಲೆಯ ಮುಂದಿದ್ದಳು. ಫೋನನ್ನು ಅವಳ ಕಿವಿಗೆ ಹಿಡಿದೆ. ಗಾಳಿ, ಜೊಂಡಿನ ಸರಸರ, ಬಹಳ ದೂರದಿಂದ: ಭೂಮ್. ಮತ್ತೆ: ಭೂಮ್.

ಅವ್ವ ಸಾರಿನ ಉಪ್ಪು ನೋಡುವವಳ ಹಾಗೆ ಕಣ್ಣು ಮುಚ್ಚಿದಳು. "ಇನ್ನೊಂದ್ಸಲ ಆಕು" ಎಂದಳು. ಮತ್ತೊಮ್ಮೆ ಹಾಕಿದೆ. ಕೊನೆಯ ತನಕ ಕಾದಳು.

"ಇದು ನಂದಲ್ಲ ಕಣವ್ವ. ಕೆಮ್ಮಿಲ್ಲ."

ಊದುಗೊಳವೆಯನ್ನು ಪಕ್ಕಕ್ಕಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಅಷ್ಟೇನೂ ಇರಲಿಲ್ಲ.

"ಗಂಡೇ ತಾನೇ ಕೂಗೋದು? ಅಂಗಾರೆ ಅಳಿಯ ಬಂದವ್ನೆ. ಮಗ್ಳು ಇಂದ್ಲೇ ಬತ್ತಾಳೆ. ಗೇಟು ತೆಗೀಬೇಡ ಅಂತ ಬರಿ ಆವಯ್ಯಂಗೆ."

ಒಲೆಯ ಪಕ್ಕದಲ್ಲೇ ಕೂತು ಬರೆದೆ. ಅವಳು ಹೇಳಿದ ಹಾಗೆಯೇ, ಒಂದು ಮಾತನ್ನೂ ತಿದ್ದದೆ.